ನಂದಾದೀಪದ ಬಲ್ಬು

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮತ್ತೆ ಸಾಯುವ ತನಕ ಹೇಳುತ್ತಿದ್ದರು. ಹುಲಗಪ್ಪ. ತಗೊಳ್ಳಿ, ಹೇಳಿಬಿಟ್ಟೆ. ಮನುಷ್ಯ ಒಳಗೆ ಗೊರಕೆ ಹೊಡೆಯುತ್ತ ಮಲಗಿದ್ದಾರೆ, ಏನೂ ಆಗಿಲ್ಲ. ಬಾಗಿಲಲ್ಲಿ ನಿಂತು ಕೂಗಿದರೂ ಅವರಿಗೆ ಕೇಳುವುದಿಲ್ಲ ಅನ್ನುವುದು ಬೇರೆ ಮಾತು. ಈಗ ಆ ವಿಷಯ ಉಲ್ಹಾಸನಗರಕ್ಕೆಲ್ಲ ಗೊತ್ತು. ಒಂದು ಕಾಲದಲ್ಲಿ ಗೊತ್ತಿದ್ದದ್ದು ಇಬ್ಬರಿಗೇ, ಅವರಿಗೆ ಮತ್ತು ನನಗೆ. ನಾನು ಸತ್ಯಮ್ಮ, ಅವರ ಹೆಂಡತಿ.

ನಮ್ಮವರು ಲಿಂಗಸೂಗೂರು ಕಡೆಯಿಂದ ಕಲ್ಯಾಣಕ್ಕೆ ಬಂದದ್ದು ಸಿಮೆಂಟು ಚೀಲ ಹೊರಲು. ಒಂದು ದಿನ ಶೀಲ್ ಫಾಟಾದ ಹತ್ತಿರ ಅವರ ಲಾರಿ ಕೆಟ್ಟು ನಿಂತಿತು. ಉಳಿದ ಹಮಾಲರೆಲ್ಲ ಗಿಡದ ನೆರಳಿಗೆ ಮಲಗಿದರೆ ಈ ಮಹಾರಾಯರು ಲಾರಿಯ ಅಡಿಗೆ ತೂರಿ ಮಿಸ್ತ್ರಿಯ ಪಕ್ಕ ಮಲಗಿದರು. ಸಂಜೆ ಮೈತುಂಬ ಎಣ್ಣೆ ಮೆತ್ತಿಕೊಂಡು ಹೊರಬಂದು, ಇನ್ನು ಚೀಲ ಹೊರುವುದಿಲ್ಲ ಎಂದರು. ಹೊರಲಿಲ್ಲ. ಎಂಟು ವರ್ಷ ಇನ್ನೊಬ್ಬರ ಗ್ಯಾರೇಜಿನಲ್ಲಿ ಬೈಸಿಕೊಂಡು ಕಲಿತು, ಆಮೇಲೆ ಉಲ್ಹಾಸನಗರದಲ್ಲಿ ತಮ್ಮದೇ ತಗಡಿನ ಶೆಡ್ಡು ಹಾಕಿದರು. ಅದರ ಹಿಂದಿನ ಖೋಲಿಯೇ ನಮ್ಮ ಮನೆ.

ಕೆಲಸ ಒಂದೇ, ಗೇರ್‌ಬಾಕ್ಸು. ಎಂಜಿನ್ ಕೆಟ್ಟರೆ ಬೇರೆಯವರ ಹತ್ತಿರ ಹೋಗಿ ಎಂದು ಓಡಿಸಿಬಿಡುತ್ತಿದ್ದರು. ಅವರ ಬಳಿ ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಇತ್ತು. ಅದರ ತುದಿಯನ್ನು ಗೇರ್‌ಬಾಕ್ಸಿಗೆ ಆನಿಸಿ, ಮರದ ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ದೇವರ ಮುಂದೆ ಕೂಡ ಅಷ್ಟು ಭಕ್ತಿಯಿಂದ ಕಣ್ಣು ಮುಚ್ಚಿದ್ದನ್ನು ನಾನು ಕಂಡಿಲ್ಲ. ಎರಡು ನಿಮಿಷ ಕೇಳಿ, "ಮೂರನೇ ಗೇರಿನ ಹಲ್ಲು ಮುರದದ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಅಂಬರನಾಥದಿಂದ ಭಿವಂಡಿಯ ತನಕ ಲಾರಿಯವರು ಅವರನ್ನು 'ಕಾನ್‌ವಾಲಾ ಮಿಸ್ತ್ರಿ', ಅಂದರೆ ಕಿವಿಯ ಮಿಸ್ತ್ರಿ, ಎಂದೇ ಕರೆಯುತ್ತಿದ್ದರು.

ಆ ಕಿವಿಯೇ ಹೋಯಿತು. ಇಪ್ಪತ್ತು ವರ್ಷ ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಕಿವಿಯೇನು ಬಂಡೆಗಲ್ಲೇ? ನನಗೆ ಮೊದಲು ಗೊತ್ತಾದದ್ದು ಕುಕ್ಕರಿನಿಂದ. ನೀರು ತರಲು ಹೋಗುತ್ತ, ಮೂರು ಸೀಟಿ ಆದರೆ ಇಳಿಸಿ ಎಂದು ಹೇಳಿ ಹೋಗಿದ್ದೆ. ಬಂದು ನೋಡಿದರೆ ಬೇಳೆ ಸೀದು ಕರಿ. ಕುಕ್ಕರಿನ ಮುಂದೆಯೇ ಕುಳಿತಿದ್ದ ಮನುಷ್ಯ, "ಒಂದೂ ಆಗಿಲ್ಲಲೇ" ಎಂದರು. ನಾನು ಬೈಯಲು ಬಾಯಿ ತೆರೆದವಳು ಅವರ ಮುಖ ನೋಡಿ ಕುಕ್ಕರು ಇಳಿಸಿದೆ. ಅವರಿಗೂ ಆ ಹೊತ್ತಿಗೇ ಗೊತ್ತಾಗಿತ್ತು.

ಠಾಣೆಯ ಕಿವಿ ಡಾಕ್ಟರು ಇನ್ನು ಇದು ಮರಳುವುದಿಲ್ಲ ಎಂದರು. ನಮ್ಮವರು ಮನೆಗೆ ಬಂದು ಬಾಗಿಲು ಹಾಕಿ, ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. "ಯಾರಿಗೂ ಹೇಳಬ್ಯಾಡ. ಕಿವುಡ ಅಂತ ಗೊತ್ತಾದ್ರ ಒಂದು ಗಾಡಿನೂ ಈ ಕಡಿ ತಿರುಗಂಗಿಲ್ಲ. ಮತ್ತ ಚೀಲಾ ಹೊರಬೇಕಾಗ್ತದ." ಆ ವಯಸ್ಸಿನಲ್ಲಿ ಚೀಲ ಹೊರುವುದೆಂದರೆ ಏನೆಂದು ನನಗೆ ಗೊತ್ತು. ಅಳುವ ಗಂಡಸರನ್ನು ಸುಮ್ಮನಾಗಿಸುವುದು ನನಗೆ ಬರುವುದಿಲ್ಲ, ಅದಕ್ಕೇ ಚಹಾಕ್ಕೆ ಇಟ್ಟೆ.

ಮರುದಿನದಿಂದ ನನ್ನ ಬೆಂಡೋಲೆ ಬೀಳಲು ಶುರುವಾಯಿತು. ಲಾರಿ ಬಂದು ನಿಂತ ಕೂಡಲೇ ನಾನು ಚಹಾ ತೆಗೆದುಕೊಂಡು ಹೋಗುವುದು, "ಅಯ್ಯ, ನನ್ನ ಬೆಂಡೋಲೆ!" ಎಂದು ಬಾಯಿ ಮಾಡಿ ಲಾರಿಯ ಅಡಿಗೆ ಬಗ್ಗುವುದು. ಅಡಿಯಲ್ಲಿ ಮಲಗಿದ ನಮ್ಮವರು ಸ್ಕ್ರೂಡ್ರೈವರಿನ ಹಿಡಿಯನ್ನು ನನ್ನ ಕಿವಿಗೆ ಒತ್ತುತ್ತಿದ್ದರು. ಬೇರಿಂಗಿನ ಸದ್ದು ಯಾವುದು, ಹಲ್ಲಿನ ಸದ್ದು ಯಾವುದು, ನನಗೇನು ಗೊತ್ತು? ನನಗೆ ಗೊತ್ತಿದ್ದದ್ದು ಅಡುಗೆಮನೆ. ಬೀಸುವ ಕಲ್ಲು ಕಾಳಿಲ್ಲದೆ ಒಣಗೇ ತಿರುಗಿದ ಹಾಗೆ ಕೇಳಿದರೆ ಅಂಗೈ ಸುತ್ತಿ ತೋರಿಸುವುದು. ಜೋಳ ಹುರಿಯುವಾಗ ಸಿಡಿದ ಹಾಗೆ ಕೇಳಿದರೆ ಬೆರಳು ಬಿಡಿಸಿ ತೋರಿಸುವುದು. ಮೊದಲಿನದು ಬೇರಿಂಗು, ಎರಡನೆಯದು ಹಲ್ಲು. ಅವರು ಹೊರಗೆ ಬಂದು ಗಂಭೀರವಾಗಿ ರೋಗದ ಹೆಸರು ಹೇಳುವುದು, ಡ್ರೈವರುಗಳು ಕೈ ಮುಗಿಯುವುದು. ಎದುರಿಗೆ ನಿಂತವರ ಮಾತನ್ನು ಅವರು ತುಟಿ ನೋಡಿ ತಿಳಿಯುತ್ತಿದ್ದರು. ಒಂದು ವರ್ಷದಲ್ಲಿ ನನ್ನ ಬೆಂಡೋಲೆ ನಲವತ್ತು ಲಾರಿಗಳ ಅಡಿಗೆ ಬಿತ್ತು. ಹುಲಗಪ್ಪನ ಹೆಂಡತಿಗೆ ಒಂದು ಓಲೆ ನೆಟ್ಟಗೆ ಹಾಕಿಕೊಳ್ಳಲು ಬರುವುದಿಲ್ಲ ಎಂದು ಗಲ್ಲಿಯಲ್ಲೆಲ್ಲ ನಗೆ. ನಗಲಿ ಬಿಡಿ, ನಮ್ಮ ಒಲೆ ಉರಿಯುತ್ತಿತ್ತಲ್ಲ.

ತೊಂಬತ್ನಾಲ್ಕರಲ್ಲಿ, ಗಣಪತಿ ಮುಳುಗಿಸಿದ ವಾರ, ರಾಜಶೇಖರ ಎಂಬವರು ಆ ಕಾರು ತಂದರು. ಗುಲಬರ್ಗಾದವರು. ಸಿಂಗಾಪುರದಲ್ಲಿ ಹಡಗು ಕಟ್ಟುವ ಕಡೆ ಹತ್ತು ವರ್ಷ ದುಡಿದು, ಬರುವಾಗ ಜಪಾನಿನ ಕಾರೊಂದನ್ನು ಹಡಗಿನಲ್ಲೇ ಹಾಕಿಸಿಕೊಂಡು ಬಂದು ಸಾನಪಾಡಾದಲ್ಲಿ ಮನೆ ಮಾಡಿದ್ದರು. ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ಕೂತರೆ ಬೆವರು, ಎದ್ದರೆ ಚರ್ ಎಂದು ಸದ್ದು. ಆ ಕಾರಿಗೆ ಕ್ಲಚ್ಚೇ ಇಲ್ಲ. ಗೇರು ತಾನೇ ಬೀಳುತ್ತದಂತೆ, ಡ್ರೈವರನ ಎಡಗಾಲಿಗೆ ಕೆಲಸವೇ ಇಲ್ಲವಂತೆ. ನಮ್ಮವರು ಅಂಥದ್ದನ್ನು ಕಂಡಿದ್ದು ಅದೇ ಮೊದಲು.

"ಮಿಸ್ತ್ರಿ, ನಾಕು ದಿನ ಆತು, ಈ ದೀಪ ಒಂದೇ ಸಮನೆ ಪಿಳಿಪಿಳಿ ಅನ್ಲಾಕತ್ತದ" ಎಂದು ರಾಜಶೇಖರ ಸ್ಟಿಯರಿಂಗಿನ ಹಿಂದೆ ಬೆರಳು ತೋರಿಸಿದರು. ಸಣ್ಣ ಹಳದಿ ದೀಪ, ಹತ್ತುವುದು ಆರುವುದು, ಹತ್ತುವುದು ಆರುವುದು.

ನಾನು ಬೆಂಡೋಲೆ ಬೀಳಿಸಿದೆ. ಕೇಳಿದೆ. ಏನೂ ಇಲ್ಲ. ಲಾರಿಯ ಗೇರ್‌ಬಾಕ್ಸು ಸಂತೆಯ ಹೆಂಗಸಿನಂತೆ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಿತ್ತು. ಇದು ತುಟಿಪಿಟಕ್ಕೆನ್ನದೆ ಕೂತಿತ್ತು. ನಾನು ಖಾಲಿ ಅಂಗೈ ತೋರಿಸಿದೆ. ಆಗ ನಮ್ಮವರು ಏನು ಮಾಡಬೇಕಿತ್ತು? ನನಗೆ ಗೊತ್ತಿಲ್ಲ ಎನ್ನಬೇಕಿತ್ತು. ಆದರೆ ಒಮ್ಮೆ ಗೊತ್ತಿಲ್ಲ ಎಂದರೆ, ಯಾಕೆ ಗೊತ್ತಿಲ್ಲ ಎಂದು ಕೇಳುತ್ತಾರೆ, ಕೇಳುತ್ತ ಕೇಳುತ್ತ ಕಿವಿಯ ತನಕ ಬರುತ್ತಾರೆ ಎಂಬ ಹೆದರಿಕೆ. "ಸಾಹೇಬ್ರ, ಗೇರ್‌ಬಾಕ್ಸ್ ಬಂಗಾರದಂಗ ಅದ. ಖೋಡಿ ಬರೇ ದೀಪದ್ದು" ಎಂದರು. ಡ್ಯಾಶ್‌ಬೋರ್ಡ್ ಬಿಚ್ಚಿ, ಹುಣಸೆ ಬೀಜದಷ್ಟಿದ್ದ ಬಲ್ಬನ್ನು ಹಿಡಿಕೆ ಸಮೇತ ಕಿತ್ತು ಜೇಬಿಗೆ ಹಾಕಿಕೊಂಡರು. ದೀಪ ಹೋಯಿತು. ರಾಜಶೇಖರ ಖುಷಿಯಾಗಿ ಹೋದರು.

ಈ ವಿದ್ಯೆಯನ್ನು ಅವರೊಬ್ಬರೇ ಕಂಡುಹಿಡಿದದ್ದಲ್ಲ. ನಮ್ಮ ಸಾಲಿನ ಎಲ್ಲ ಶೆಡ್ಡುಗಳಲ್ಲೂ ಅದೇ ರೂಢಿ. ಗಿರಾಕಿಗೆ ದೀಪ ಆರಬೇಕು, ಅಷ್ಟೇ. ಆದರೂ ನನಗೆ ತಡೆಯಲಿಲ್ಲ. ಒಳಗೆ ಬಂದಾಗ ಅವರ ಮುಖಕ್ಕೆ ಮುಖ ಕೊಟ್ಟು, ತುಟಿ ಓದಿಕೊಳ್ಳುವಂತೆ ಬಿಡಿಸಿ ಬಿಡಿಸಿ ಹೇಳಿದೆ: "ಕೂಸು ಅಳತದಂತ ಬಾಯಾಗ ಅರಿವಿ ತುರುಕತೀರೇನು? ನಾಚಿಕಿ ಬರಂಗಿಲ್ಲ?" ಅವರು ಗೋಡೆಯ ಕಡೆ ತಿರುಗಿದರು. ಕಿವುಡರಿಗೆ ಇದೊಂದು ಸುಖ, ಮುಖ ತಿರುಗಿಸಿದರೆ ಹೆಂಡತಿಯ ಬಾಯಿ ಬಂದ್.

ಮುಂದೆ ನವರಾತ್ರಿ ಬಂತು. ನಮ್ಮ ಕಡೆ ಒಂಬತ್ತು ದಿನ ದೇವಿಯ ಮುಂದೆ ನಂದಾದೀಪ ಹಚ್ಚುತ್ತೇವೆ, ಅದು ನಡುವೆ ಆರಬಾರದು. ಶೆಡ್ಡಿನಲ್ಲಿ ಹುಲಿಗೆಮ್ಮನ ಫೋಟೋ ಇತ್ತು, ಸುತ್ತ ಡೀಸೆಲ್ಲು, ಸಂದಿಯಿಂದ ಗಾಳಿ. ಎಣ್ಣೆ ದೀಪವಿಟ್ಟರೆ ಒಂದೋ ಅದು ಆರಬೇಕು, ಇಲ್ಲ ಶೆಡ್ಡು ಉರಿಯಬೇಕು. ನಮ್ಮವರು ತಲೆ ಓಡಿಸಿ ಹಳೆಯ ಬ್ಯಾಟರಿಗೆ ಎರಡು ತಂತಿ ಸಿಕ್ಕಿಸಿ, ಆ ಜಪಾನಿ ಬಲ್ಬನ್ನೇ ನಂದಾದೀಪ ಮಾಡಿದರು. ದೇವಿಗೂ ಫಾರಿನ್ ಮಾಲು. ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಒಂಬತ್ತನೆಯ ದಿನ ಖಂಡೆ ಪೂಜೆ. ನಟ್ಟು ಬಿಚ್ಚುವ ಪಾನ, ಸುತ್ತಿಗೆ, ಜ್ಯಾಕು, ಆ ಉದ್ದ ಸ್ಕ್ರೂಡ್ರೈವರು, ಎಲ್ಲ ತೊಳೆದು ಸಾಲಾಗಿಟ್ಟು, ವಿಭೂತಿ ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿದ್ದೆವು. ಮರುದಿನ ಬನ್ನಿ ಮುಡಿಯುವ ತನಕ ಅವನ್ನು ಮುಟ್ಟುವಂತಿಲ್ಲ. ನಾನು ಹೋಳಿಗೆ ಬೇಯಿಸುತ್ತಿದ್ದೆ. ಆಗ ಎತ್ತಿನ ಗಾಡಿಯ ವೇಗದಲ್ಲಿ ಊಳಿಡುತ್ತ ಆ ಕಾರು ಬಂತು.

ಓಡಿಸುತ್ತಿದ್ದವನು ಪ್ರೇಮನಾಥ, ವಾಶಿಯಲ್ಲಿ ದೊಡ್ಡ ಗ್ಯಾರೇಜು ಇಟ್ಟಿದ್ದ ಮಂಗಳೂರು ಕಡೆಯ ಮೆಕ್ಯಾನಿಕ್ಕು. ಪಕ್ಕದಲ್ಲಿ ರಾಜಶೇಖರ. ಹಿಂದೆ ಅವರ ತಾಯಿ ಕಲ್ಲವ್ವ, ಪ್ಲಾಸ್ಟಿಕ್ಕಿನ ಮೇಲೆ ಬೆವರಿನಲ್ಲಿ ತೊಯ್ದು ಕೂತಿದ್ದರು. ಇಳಿಯುತ್ತಲೇ, "ಸಾನಪಾಡಾದಿಂದ ಇಲ್ಲಿಗೆ ಬರೂದ್ರಾಗ ನಾ ಇನ್ನೊಂದು ವರ್ಷ ಮುದುಕಿ ಆದ್ನೆವ್ವಾ" ಎಂದರು.

ರಾಜಶೇಖರರಿಗೆ ಸಿಟ್ಟು ಉಕ್ಕುತ್ತಿತ್ತು. "ಮಿಸ್ತ್ರಿ, ನೀ ದೀಪ ಕಿತ್ತಿ, ಗಾಡಿ ಮ್ಯಾಲಿನ ಗೇರಿಗೆ ಹೋಗೂದ ಬಿಟ್ಟದ. ನಲವತ್ತು ದಾಟಂಗಿಲ್ಲ. ಇವರು ನೋಡಿ ಗೇರ್‌ಬಾಕ್ಸೇ ಹೋಗ್ಯದ ಅಂತಾರ."

"ಎಂತ ನೋಡ್ಲಿಕ್ಕುಂಟು ಮಾರಾಯ್ರೆ?" ಎಂದ ಪ್ರೇಮನಾಥ. "ಗೇರ್‌ಬಾಕ್ಸ್ ಇಳಿಸ್ಲಿಕ್ಕೇ ಬೇಕು, ಸಿಂಗಾಪುರದಿಂದ ಬೇರೆ ತರಿಸ್ಲಿಕ್ಕೇ ಬೇಕು. ಲಾರಿ ರಿಪೇರಿಯವನ ಕೈಗೆ ಇಂಥ ಗಾಡಿ ಯಾರಾದ್ರೂ ಕೊಡ್ತಾರಾ?"

ನಮ್ಮವರು ಆ ಕಡೆ ತಿರುಗಿ ಬಾನೆಟ್ ಎತ್ತುತ್ತಿದ್ದರು. ಪ್ರೇಮನಾಥ ಅವರ ಬೆನ್ನ ಹಿಂದೆ ಹೋಗಿ ನಿಂತ. "ಹುಲಗಪ್ಪ" ಎಂದ. ಅವರು ತಿರುಗಲಿಲ್ಲ. ಇನ್ನೂ ಜೋರಾಗಿ, "ಏ ಹುಲಗಪ್ಪ!" ಎಂದ. ಪಕ್ಕದ ಶೆಡ್ಡಿನವರೆಲ್ಲ ಹೊರಬಂದು ನೋಡಿದರು, ಇವರು ಮಾತ್ರ ತಿರುಗಲಿಲ್ಲ. ಪ್ರೇಮನಾಥ ಎಲ್ಲರ ಮುಖ ನೋಡಿ ನಕ್ಕ. "ಬಂದಾಗಿಂದ ನನಗೆ ಸಂಶಯ ಇತ್ತು, ಇವನಿಗೆ ಕಿವಿ ಕೇಳುದಿಲ್ಲ ಅಂತ. ನೋಡಿ, ಹೌದಲ್ಲ?"

ಒಂದು ವರ್ಷ ಲಾರಿಗಳ ಅಡಿಯಲ್ಲಿ ಸೀರೆ ಹಾಳುಮಾಡಿಕೊಂಡು ಮುಚ್ಚಿಟ್ಟಿದ್ದನ್ನು ಇವನು ಎರಡು ಕೂಗಿಗೆ ಬೀದಿಗೆ ಹಾಕಿದ. ಹೋಳಿಗೆ ಮಗುಚುವ ಸಟಕ ಕೈಯಲ್ಲಿ ಹಿಡಿದೇ ಹೋಗಿ ಅವನ ಮುಂದೆ ನಿಂತೆ. "ಖರೆ ಅದ. ಅವರಿಗೆ ಕೇಳಂಗಿಲ್ಲ. ನಿನಗ ಎರಡೂ ಕಿವಿ ಕೇಳತಾವಲ್ಲ, ಹೇಳು ನೋಡೂಣು, ಗಾಡಿಗೇನಾಗ್ಯದ? ಇಳಸತೀನಿ ಇಳಸತೀನಿ ಅಂತೀಯಲ್ಲ, ಒಳಗ ಏನು ಕೆಟ್ಟದ? ಹೆಸರು ಹೇಳು!"

ಅವನು ಮತ್ತೆ, "ಇಳಿಸ್ಲಿಕ್ಕೇ ಬೇಕು" ಎಂದ. ಅವನಿಗೂ ಗೊತ್ತಿರಲಿಲ್ಲ! ನಾನು ರಾಜಶೇಖರರ ಕಡೆ ತಿರುಗಿದೆ. "ಅಣ್ಣಾರ, ಒಂದು ಮಿಕ್ಸರ್ ಕೊಂಡ್ರೂ ಜೋಡಿ ಒಂದು ಪುಸ್ತಕ ಕೊಡ್ತಾರ. ಇಷ್ಟು ದೊಡ್ಡ ಗಾಡಿಗೆ ಕೊಟ್ಟಿಲ್ಲೇನು?"

ಕೊಟ್ಟಿದ್ದರು. ರಿಪೇರಿ ಮಾಡುವವರಿಗೆಂದೇ ಇದ್ದ ದಪ್ಪ ಇಂಗ್ಲಿಷ್ ಪುಸ್ತಕ ಡಿಕ್ಕಿಯಲ್ಲಿತ್ತು, ಅದರ ಮೇಲಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ಹರಿದು ನೋಡಿದಾಗ ರಾಜಶೇಖರರ ಮುಖ ಸಣ್ಣದಾಯಿತು. ದೀಪ ಸುಮ್ಮನೆ ಮಿನುಗುವುದಲ್ಲವಂತೆ. ಬಾನೆಟ್ಟಿನಡಿಯ ಡಬ್ಬಿಯಲ್ಲಿ ಎರಡು ತೂತುಗಳಿಗೆ ತಂತಿ ಕೂಡಿಸಿದರೆ ಅದು ಲೆಕ್ಕವಿಟ್ಟು ಮಿನುಗುತ್ತದಂತೆ. ಎಷ್ಟು ಸಲ ಮಿನುಗಿತು ಎಂದು ಎಣಿಸಿ ಪುಸ್ತಕದಲ್ಲಿ ನೋಡಿದರೆ ರೋಗ ಯಾವುದೆಂದು ಬರೆದಿದೆಯಂತೆ. ಗಾಡಿ ತನ್ನ ರೋಗವನ್ನು ತಾನೇ ಹೇಳುತ್ತಿತ್ತು. ಹೇಳುವ ಬಾಯನ್ನೇ ನಮ್ಮವರು ಕಿತ್ತು ದೇವಿಯ ಮುಂದೆ ಇಟ್ಟಿದ್ದರು.

ರಾಜಶೇಖರ ಪುಸ್ತಕದ ಚಿತ್ರ ತೋರಿಸಿ ಕೈಸನ್ನೆಯಲ್ಲಿ ಹೇಳಿದರು. ನಮ್ಮವರಿಗೆ ಅರ್ಥವಾಯಿತು. ಅವರ ಕಣ್ಣು ಮೊದಲು ನಂದಾದೀಪಕ್ಕೆ ಹೋಯಿತು, ಆಮೇಲೆ ನನ್ನ ಮೇಲೆ. ಹಬ್ಬಕ್ಕೆ ಅಂಗಡಿಗಳೆಲ್ಲ ಬಂದ್, ತೆರೆದಿದ್ದರೂ ಅಂಥ ಬಲ್ಬು ಉಲ್ಹಾಸನಗರದಲ್ಲಿ ಸಿಗುತ್ತಿರಲಿಲ್ಲ. ಒಂಬತ್ತನೆಯ ದಿನ ನಂದಾದೀಪ ಆರಿಸುವುದೇ? ದೊಡ್ಡ ದೊಡ್ಡ ಲಾರಿಗಳ ಅಡಿಗೆ ನುಗ್ಗುವ ಗಂಡಸು ಬಲ್ಬಿನ ತನಕ ಕೈ ಒಯ್ದು ಹಿಂದಕ್ಕೆ ಎಳೆದುಕೊಂಡರು.

"ಆಚಿ ಕಡಿ ಸರೀರಿ" ಎಂದೆ. ಮನೆಯಿಂದ ಸ್ಟೀಲು ಬಟ್ಟಲಲ್ಲಿ ಎಣ್ಣೆ ಬತ್ತಿ ತಂದು, ಡೀಸೆಲ್ ಡಬ್ಬಗಳನ್ನು ಕಾಲಿನಿಂದ ಆಚೆ ತಳ್ಳಿ, ದೀಪ ಹಚ್ಚಿದೆ. "ತಾಯಿ, ಇವತ್ತೊಂದಿನ ದೇಶಿ ದೀಪದಾಗ ಇರು. ಸಿಟ್ಟು ಬಂದ್ರ ನನ್ನ ಮ್ಯಾಲ ತೀರಿಸ್ಕೊ, ಅವರ ಸುದ್ದಿಗೆ ಹೋಗಬ್ಯಾಡ" ಎಂದು ಬಲ್ಬನ್ನು ಎಳೆದುಕೊಂಡೆ. ಬೆರಳು ಸುಟ್ಟಿತು. ಅಷ್ಟಕ್ಕೇ ಬಿಟ್ಟಳು ತಾಯಿ.

ಬಲ್ಬನ್ನು ಕೂಡಿಸಲು ಸ್ಕ್ರೂಡ್ರೈವರು ಬೇಕಿರಲಿಲ್ಲ. ಮೊದಲ ಸಲ ಕಿತ್ತಾಗ ನಮ್ಮವರು ಒಂದು ಸ್ಕ್ರೂವನ್ನೂ ವಾಪಸು ಹಾಕಿರಲಿಲ್ಲ, ಅವರ ಕೆಲಸವೇ ಹಾಗೆ. ತಂತಿಯ ಬದಲು ನನ್ನ ತಲೆಯ ಪಿನ್ನು ಕೊಟ್ಟೆ. ಅದನ್ನು ಡಬ್ಬಿಗೆ ಸಿಕ್ಕಿಸಲು ಬಗ್ಗಿದಾಗ ಕಲ್ಲವ್ವ ಕೂಗಿದರು, "ಅಲ್ಲಿ ನನ್ನ ಗಂಟದ, ಮೈಲಿಗಿ ಮಾಡಬ್ಯಾಡ್ರಿ!" ಹೊಸ ಕಾರಿಗೆ ಆಕೆ ಉಡಿ ತುಂಬಿದ್ದರಂತೆ, ಮನೆಗೆ ಬಂದ ಸೊಸೆಗೆ ತುಂಬಿದ ಹಾಗೆ. ಕುಬಸದ ಬಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಕೊಂಬು. ಕಣ್ಣು ತಾಗದಿರಲಿ ಎಂದು ಬಾನೆಟ್ಟಿನೊಳಗೆ ಕಟ್ಟಿಸಿದ್ದರು.

ಕೀಲಿ ತಿರುಗಿಸಿದರು. ಎಲ್ಲರ ತಲೆಯೂ ಕಿಟಕಿಯೊಳಗೆ. ದೀಪ ಮಿನುಗಿತು. ಎಣಿಸಲು ಕಿವಿ ಬೇಡ. ನಮ್ಮವರು ತುಟಿ ಅಲ್ಲಾಡಿಸುತ್ತ ಎಣಿಸಿದರು. ಆರು ಸಲ, ಆಮೇಲೆ ನಿಂತಿತು. ಮತ್ತೆ ಒಂದು ಸಲ. ಪುನಃ ಆರು, ಪುನಃ ಒಂದು. "ಅರವತ್ತೊಂದು" ಎಂದರು. ಆ ಹೊತ್ತು ನನ್ನ ಬೆಂಡೋಲೆ ಕಿವಿಯಲ್ಲೇ ಇತ್ತು.

ರಾಜಶೇಖರ ಹಾಳೆ ತಿರುವಿ ಓದಿದರು. ಗಾಡಿ ಎಷ್ಟು ಜೋರಾಗಿ ಓಡುತ್ತಿದೆ ಎಂದು ಗೇರ್ ಬದಲಿಸುವ ಯಂತ್ರಕ್ಕೆ ಸುದ್ದಿ ಮುಟ್ಟಿಸುವ ತಂತಿಯೊಂದಿದೆ, ಸುದ್ದಿ ಮುಟ್ಟುತ್ತಿಲ್ಲ, ಅದಕ್ಕೇ ಮೇಲಿನ ಗೇರು ಬೀಳುತ್ತಿಲ್ಲ. ನಮ್ಮವರು ಚಿತ್ರ ನೋಡಿ ಆ ತಂತಿಯ ಮೇಲೆ ಬೆರಳು ಓಡಿಸುತ್ತ ಹೋದರು. ಬೆರಳು ಉಡಿಯ ಗಂಟಿನ ಕೆಳಗೆ ಹೋಗಿ ನಿಂತಿತು. ಗಂಟಿಗೆ ತೂತು ಬಿದ್ದಿತ್ತು, ಅಕ್ಕಿ ಚೆಲ್ಲಿತ್ತು, ಕೊಬ್ಬರಿ ಅರ್ಧ ಮಾಯ. ಸುತ್ತ ಇಲಿಯ ಹಿಕ್ಕೆ. ಕೊಬ್ಬರಿ ತಿಂದ ಇಲಿ ಬಾಯಿ ರುಚಿಗೆ ತಂತಿಯನ್ನೂ ಕಡಿದಿತ್ತು.

"ನಾ ಉಡಿ ತುಂಬಿದ್ದು ತಪ್ಪಾತೇನು?" ಎಂದು ಕಲ್ಲವ್ವ ಸೊಂಟಕ್ಕೆ ಕೈ ಇಟ್ಟರು. "ಇಲಿ ಗಣಪತಿದು, ತಿನ್ಲಿ!" ಎಂದವರು ಮಗನ ಮುಖ ನೋಡಿ ಕಾರಿನೊಳಗೆ ಹೋಗಿ ಕೂತರು.

ನಮ್ಮವರು ನೆಟ್ಟಗೆ ನಿಂತರು. ಪ್ರೇಮನಾಥನಿಗೂ, ರಾಜಶೇಖರರಿಗೂ, ಸುತ್ತ ನಿಂತ ಶೆಡ್ಡಿನವರಿಗೂ ಕೇಳುವಂತೆ ಹೇಳಿದರು. "ಗೇರ್‌ಬಾಕ್ಸ್ ನೆಟ್ಟಗದ. ಅದಕ್ಕ ಕೇಳವಲ್ದು, ಅಷ್ಟ." ಆಮೇಲೆ ತಮ್ಮ ಕಿವಿ ಮುಟ್ಟಿಕೊಂಡು ಅಂದರು, "ನನ್ನಂಗ."

ನನಗೆ ಅಳು ಬಂತು, ಹೋಳಿಗೆ ಸೀಯುತ್ತದೆ ಎಂದು ಒಳಗೆ ಓಡಿದೆ. ಆ ಹೊತ್ತಿಗೆ ಅದು ಸೀದೇ ಹೋಗಿತ್ತು.

ತಂತಿಯನ್ನು ಅವರು ಹಲ್ಲಿನಿಂದ ಸುಲಿದು ಕೈಯಿಂದಲೇ ಹೊಸೆದು ಕೂಡಿಸಿದರು, ಆಯುಧ ಮುಟ್ಟುವಂತಿರಲಿಲ್ಲವಲ್ಲ. ಸುತ್ತಲು ಉಡಿಯ ಕುಬಸದ ಬಟ್ಟೆಯನ್ನೇ ಹರಿದೆವು, ಮೇಲೆ ಟೇಪು. ಕಾರು ಕಲ್ಯಾಣದ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಗಾಳಿಯಂತೆ ವಾಪಸು ಬಂತು. ಪ್ರೇಮನಾಥ ನನ್ನ ಕೈಯಿಂದ ಸೀದ ಹೋಳಿಗೆ ತಿಂದು ಚೆನ್ನಾಗುಂಟು ಎಂದ, ತಿನ್ನದೆ ಏನು ಮಾಡುತ್ತಾನೆ? ಬಲ್ಬು ಕಾರಿನಲ್ಲೇ ಉಳಿಯಿತು.

ಅವರೆಲ್ಲ ಹೋದ ಮೇಲೆ ಶೆಡ್ಡಿನಲ್ಲಿ ನಾವಿಬ್ಬರೇ. ಕಾರು ನೆಟ್ಟಗಾಗಿತ್ತು, ನಮ್ಮ ಗುಟ್ಟು ಬಯಲಾಗಿತ್ತು. ಲಾರಿಯವರ ಬಾಯಿ ರೈಲಿಗಿಂತ ಜೋರು. ಆ ದಿನ ಅವರು ಊಟ ಮಾಡಲಿಲ್ಲ.

ಮರುದಿನ ದಸರೆ. ಬನ್ನಿ ಕೊಟ್ಟು ತೆಗೆದುಕೊಂಡು, ಆಯುಧಗಳ ಹೂವು ತೆಗೆಯುವ ಹೊತ್ತಿಗೆ ಲಾರಿಯೊಂದು ಬಂದು ನಿಂತಿತು. ಮಹಾಪೆಯ ಕಾರ್ಖಾನೆಗಳಿಗೆ ಮಾಲು ಹೊಡೆಯುವ ಚಂದ್ರಾಮ, ನಮ್ಮ ಹಳೆಯ ಗಿರಾಕಿ. ಎಂಜಿನ್ ಬಂದ್ ಮಾಡಲಿಲ್ಲ, ಸೀಟಿನಿಂದ ಇಳಿಯಲಿಲ್ಲ. ಕಿಟಕಿಯಿಂದ ತಲೆ ಹಾಕಿ ನನ್ನನ್ನು ಕೇಳಿದ, "ಅಕ್ಕಾ, ಗೇರ್‌ಬಾಕ್ಸ್ ಒದರಲಾಕತ್ತದ. ಅಣ್ಣಗ ಕಿವಿ ಕೇಳಂಗಿಲ್ಲಂತಲ್ಲ, ಖರೇನ? ಅಲ್ಲ, ಮುಂದಿನ ಶೆಡ್ಡಿಗೆ ಹೋಗಬೇಕೋ ಏನೋ ಅಂತ ಕೇಳಿದೆ." ಅವನ ಕಾಲು ಕ್ಲಚ್ಚಿನ ಮೇಲೇ ಇತ್ತು. ನಾನು ತಿರುಗಿ ನೋಡಿದೆ, ನಮ್ಮವರು ಅವನ ತುಟಿಯನ್ನೇ ನೋಡುತ್ತಿದ್ದರು.

"ಸತ್ಯಮ್ಮಾ!"

ತಮ್ಮ ದನಿ ಎಷ್ಟು ದೊಡ್ಡದೆಂದು ಕಿವುಡರಿಗೆ ಗೊತ್ತಾಗುವುದಿಲ್ಲ, ಗಲ್ಲಿಯೇ ತಿರುಗಿ ನೋಡಿತು. ಹದಿನಾಲ್ಕು ವರ್ಷದ ಸಂಸಾರದಲ್ಲಿ 'ಏ', 'ಲೇ', 'ಕೇಳಿಲ್ಲಿ' ಬಿಟ್ಟರೆ ಅವರು ನನ್ನನ್ನು ಹೆಸರಿಟ್ಟು ಕರೆದದ್ದು ಅದೇ ಮೊದಲು. ಉದ್ದ ಸ್ಕ್ರೂಡ್ರೈವರನ್ನು ಪೂಜೆಯ ಸಾಲಿನಿಂದ ಎತ್ತಿ, ಕುಂಕುಮವನ್ನು ಅಂಗಿಗೆ ಒರೆಸಿ, ಎಲ್ಲರೂ ನೋಡುತ್ತಿದ್ದ ಹಾಗೆಯೇ ನನ್ನ ಕೈಗೆ ಕೊಟ್ಟರು. "ಕೇಳು" ಎಂದರು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾರಿಯ ಅಡಿಗೆ ಹೋದೆ, ಬೆಂಡೋಲೆಯ ನೆಪವಿಲ್ಲದೆ. ತುದಿ ಗೇರ್‌ಬಾಕ್ಸಿಗೆ, ಹಿಡಿ ಕಿವಿಗೆ. ಹೊರಗೆ ಬಂದು ಅಂಗೈ ಸುತ್ತಿ ತೋರಿಸುತ್ತ ಗಲ್ಲಿಗೆಲ್ಲ ಕೇಳುವಂತೆ ಹೇಳಿದೆ. "ಬೀಸೂ ಕಲ್ಲು. ಒಣಾ ತಿರಗಲಾಕತ್ತದ."

"ಹಿಂದಿನ ಬೇರಿಂಗ್" ಎಂದರು ಹುಲಗಪ್ಪ.

ಚಂದ್ರಾಮ ಒಮ್ಮೆ ಅವರನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಆಮೇಲೆ ಎಂಜಿನ್ ಬಂದ್ ಮಾಡಿ ಕೆಳಗಿಳಿದ.